ತಾಯಿಯಿಂದ ಬಂದದ್ದು, ತಂಗಿಗೆ ಹೇಳಬೇಕಾದದ್ದು



ಅಕ್ಟೋಬರ್ ನಮಗೆ ಜಪಸರದ ತಿಂಗಳು. ಅದೇ ತಿಂಗಳನ್ನು ಆಸ್ಪತ್ರೆಗಳು ಸ್ತನ ಕ್ಯಾನ್ಸರ್ ಕುರಿತು ಅರಿವು ಮೂಡಿಸುವ ತಿಂಗಳಾಗಿ ಆಚರಿಸುತ್ತವೆ. ಸಂಜೆ ಮನೆಗಳಲ್ಲಿ ಜಪಸರ ಹೇಳುವಾಗ ನಾವು ಕೋರಿಕೆಗಳನ್ನು ಮುಂದಿಡುತ್ತೇವೆ. ಮಗನ ಕೆಲಸಕ್ಕಾಗಿ, ಮಳೆಗಾಗಿ, ಮಗಳ ಮದುವೆಗಾಗಿ ಎಂದು ಬಾಯಿಬಿಟ್ಟು ಹೇಳುತ್ತೇವೆ. ಆದರೆ ಸ್ತನ ಕ್ಯಾನ್ಸರ್ ಬಂದ ಮನೆಯವರು ಆ ಹೆಸರನ್ನು ಹೇಳುವುದಿಲ್ಲ. "ಒಂದು ವಿಶೇಷ ಕೋರಿಕೆ" ಎನ್ನುತ್ತಾರೆ, ಅಷ್ಟೇ. ದೇವರಿಗೆ ಗೊತ್ತು, ಸಾಕು ಎಂಬ ಭಾವ. ದೇವರಿಗೆ ಗೊತ್ತಿರುವುದು ನಿಜ. ಆದರೆ ಆ ಸಂಗತಿ ಒಡಹುಟ್ಟಿದ ತಂಗಿಗೂ ಗೊತ್ತಿರಬೇಕೇ ಬೇಡವೇ ಎಂಬುದು ಬೇರೆಯೇ ಪ್ರಶ್ನೆ. ಈ ತಿಂಗಳು ಆ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಇದು ಯಾರ ಮನೆಯ ಕಥೆಯೂ ಅಲ್ಲ, ಯಾರ ಮನೆಯ ಕಥೆಯೂ ಆಗಬಹುದು. ಅಕ್ಕನ ಮನೆ ಮತ್ತಿಗಿರಿ ಕಡೆ. ನಲವತ್ತೆರಡನೆಯ ವಯಸ್ಸಿಗೆ ಸ್ತನ ಕ್ಯಾನ್ಸರ್ ಬಂದು ಬೆಂಗಳೂರಿನಲ್ಲಿ ಚಿಕಿತ್ಸೆ ಆಗಿದೆ. ಅವಳ ತಾಯಿಯೂ ಐವತ್ತು ತುಂಬುವ ಮೊದಲೇ "ಎದೆಯಲ್ಲಿ ಗಂಟು" ಬಂದು ತೀರಿಕೊಂಡವರು. ಡಾಕ್ಟರು ಕೇಳಿದ ಮೇಲೆ ಅಕ್ಕ ರಕ್ತ ಪರೀಕ್ಷೆ ಮಾಡಿಸಿದಳು. ವಂಶದಲ್ಲಿ ಹರಿದುಬರುವ ಒಂದು ದೋಷ ಇದೆ ಎಂದು ವರದಿ ಬಂತು. ತಂಗಿಯನ್ನು ಡೆಂಕಣಿಕೋಟೆಗೆ ಕೊಟ್ಟಿದ್ದಾರೆ. ತಂಗಿಯ ಮಗಳಿಗೆ ಇಪ್ಪತ್ತೆರಡು ವರ್ಷ, ಗಂಡು ನೋಡುತ್ತಿದ್ದಾರೆ, ಮಾತು ಕೂಡಿಬರುವ ಹಂತದಲ್ಲಿದೆ. ತಮ್ಮ ಹೊಸೂರಿನ ಕಾರ್ಖಾನೆಯೊಂದರಲ್ಲಿದ್ದಾನೆ, ಅವನಿಗೆ ಇಬ್ಬರು ಹೆಣ್ಣುಮಕ್ಕಳು. ವರದಿ ಅಕ್ಕನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಈಗ ಹೇಳಿದರೆ ಹುಡುಗಿಯ ಸಂಬಂಧ ಮುರಿದುಬಿದ್ದೀತು ಎಂದು ಅಕ್ಕನಿಗೆ ಭಯ. ಮದುವೆ ಆಗಿಬಿಡಲಿ, ಆಮೇಲೆ ನೋಡೋಣ ಎಂದು ಅವಳ ಗಂಡನ ಸಲಹೆ. ಅವಳು ಏನು ಮಾಡಬೇಕು?

ಉತ್ತರಕ್ಕೆ ಮೊದಲು ಆ ವರದಿಯಲ್ಲಿ ಇರುವುದೇನು ಎಂದು ತಿಳಿಯಬೇಕು. ಅರ್ಧ ತಿಳಿದು ಪೂರ್ತಿ ಹೆದರುವುದು ನಮ್ಮಲ್ಲಿ ಹೆಚ್ಚು.

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ಎಂದು ಎರಡೆರಡು ವಂಶವಾಹಿಗಳಿವೆ. ಈ ನಿಯಮವನ್ನು ಮೊದಲು ಕಂಡುಕೊಂಡವರು ನಮ್ಮವರೇ ಆದ ಒಬ್ಬ ಗುರು. ಅವರು ಅಗಸ್ಟೀನಿಯನ್ ಸಭೆಯ ಗ್ರೆಗೊರ್ ಮೆಂಡೆಲ್. ಬ್ರನೋ ನಗರದ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ, ಎಣಿಸಿ, 1866ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಅದೇ 1866ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೊಕಾ ತನ್ನ ಹೆಂಡತಿಯ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಸ್ತನ ಕ್ಯಾನ್ಸರ್ ಬರುತ್ತಿರುವುದನ್ನು ಬರೆದಿಟ್ಟ. ಗುರುಗಳ ಬಟಾಣಿಗೂ ವೈದ್ಯನ ಹೆಂಡತಿಯ ಮನೆತನಕ್ಕೂ ಇರುವ ಸಂಬಂಧ ಆಗ ಯಾರಿಗೂ ಹೊಳೆಯಲಿಲ್ಲ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಇಂಥ ಕುಟುಂಬಗಳ ದೋಷ ಹದಿನೇಳನೆಯ ವರ್ಣತಂತುವಿನಲ್ಲಿದೆ ಎಂದು ತೋರಿಸಿದರು. 1994ರಲ್ಲಿ ಆ ವಂಶವಾಹಿ ಕೈಗೆ ಸಿಕ್ಕಿತು, ಅದಕ್ಕೆ ಬಿಆರ್‌ಸಿಎ1 ಎಂದು ಹೆಸರು. ಮರುವರ್ಷ ಹದಿಮೂರನೆಯ ವರ್ಣತಂತುವಿನಲ್ಲಿ ಬಿಆರ್‌ಸಿಎ2 ಸಿಕ್ಕಿತು.

ಈ ಎರಡೂ ವಂಶವಾಹಿಗಳು ಎಲ್ಲರಲ್ಲೂ ಇವೆ, ಗಂಡಸರಲ್ಲೂ ಇವೆ. ಅವು ಕ್ಯಾನ್ಸರ್ ತರುವ ವಂಶವಾಹಿಗಳಲ್ಲ, ಕ್ಯಾನ್ಸರ್ ತಡೆಯುವ ವಂಶವಾಹಿಗಳು. ಜೀವಕೋಶದೊಳಗಿನ ಡಿಎನ್‌ಎ ಎಳೆ ಎಲ್ಲಾದರೂ ತುಂಡಾದರೆ ಅದನ್ನು ಸರಿಯಾಗಿ ಹೆಣೆದು ರಿಪೇರಿ ಮಾಡುವುದು ಅವುಗಳ ಕೆಲಸ. ಕೆಲವು ಮನೆತನಗಳಲ್ಲಿ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಉಳಿದ ಒಂದೇ ಪ್ರತಿ ಕೆಲಸ ನಡೆಸುತ್ತದೆ. ಮುಂದೆ ಎಂದೋ ಒಂದು ಜೀವಕೋಶದಲ್ಲಿ ಅದೂ ಕೆಟ್ಟರೆ, ರಿಪೇರಿ ನಿಂತು ತಪ್ಪುಗಳು ರಾಶಿ ಬಿದ್ದು ಅಲ್ಲಿಂದ ಗಂಟು ಶುರುವಾಗಬಹುದು. ಹಾಗಾಗಿ ಈ ದೋಷ ಇರುವವರೆಲ್ಲರಿಗೂ ಕ್ಯಾನ್ಸರ್ ಬಂದೇ ತೀರುತ್ತದೆ ಎಂದಲ್ಲ. ಬರುವ ಸಂಭವ ಬಹಳ ಹೆಚ್ಚು. ಭಾರತದಲ್ಲಿ ಸಾಮಾನ್ಯವಾಗಿ 28 ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ ಎಂಬುದು ಅಂದಾಜು. ಬಿಆರ್‌ಸಿಎ ದೋಷ ಇರುವ 100 ಹೆಂಗಸರಲ್ಲಿ ಎಂಬತ್ತು ವರ್ಷ ತುಂಬುವುದರೊಳಗೆ ಸುಮಾರು 70 ಮಂದಿಗೆ ಬರುತ್ತದೆ ಎಂದು 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ತಿಳಿಸಿತು. ಆ ಅಂಕಿ ಹೆಚ್ಚಾಗಿ ಪಾಶ್ಚಾತ್ಯ ದೇಶಗಳ ಕುಟುಂಬಗಳದು. ಅಂಡಾಶಯದ ಕ್ಯಾನ್ಸರ್ ಭಯವೂ ಇದರ ಜೊತೆಗಿದೆ. ಬಿಆರ್‌ಸಿಎ1 ದೋಷದಲ್ಲಿ 100ಕ್ಕೆ ಸುಮಾರು 44, ಬಿಆರ್‌ಸಿಎ2 ದೋಷದಲ್ಲಿ ಸುಮಾರು 17.

ಆದರೆ ಇನ್ನೊಂದು ಅಂಕಿಯನ್ನೂ ಇದರ ಪಕ್ಕದಲ್ಲಿಡಬೇಕು. 2022ರಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಬಂದವರು ಸುಮಾರು 1,92,000 ಮಂದಿ ಎಂದು ಅಂತರರಾಷ್ಟ್ರೀಯ ಅಂದಾಜು. ಸ್ತನ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಅದು ವಂಶದಿಂದ ಬಂದದ್ದು. ಉಳಿದವರಲ್ಲಿ ವಯಸ್ಸು, ಹಾರ್ಮೋನು, ಮೈತೂಕ, ಇನ್ನೂ ಎಷ್ಟೋ ಕಾರಣ. ಆದ್ದರಿಂದ ಓಣಿಯಲ್ಲಿ ಒಬ್ಬರಿಗೆ ಗಂಟು ಬಂದ ಕೂಡಲೇ "ಅವರ ವಂಶದಲ್ಲೇ ಇದೆ" ಎನ್ನುವುದು ಸುಳ್ಳೂ ಹೌದು, ಅನ್ಯಾಯವೂ ಹೌದು. ಐವತ್ತರ ಒಳಗೆ ಬಂದಿದ್ದರೆ, ಎರಡೂ ಸ್ತನಗಳಲ್ಲಿ ಬಂದಿದ್ದರೆ, ಒಂದೇ ಕಡೆಯ ಸಂಬಂಧಿಕರಲ್ಲಿ ಇಬ್ಬರು ಮೂವರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ, ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ, ಆಗ ವೈದ್ಯರು ವಂಶದ ಕಡೆ ನೋಡುತ್ತಾರೆ.

ಇದು ದೂರದೇಶದವರ ಸಂಗತಿ ಎಂದುಕೊಳ್ಳಬೇಡಿ. ದಕ್ಷಿಣ ಭಾರತದ, ಮನೆತನದಲ್ಲಿ ಕಾಯಿಲೆ ಇದ್ದ 61 ರೋಗಿಗಳನ್ನು ಪರೀಕ್ಷಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 17 ಮಂದಿಯಲ್ಲಿ ಈ ದೋಷ ಕಂಡರು. 2009ರಲ್ಲಿ ಅದನ್ನು ಪ್ರಕಟಿಸಿದರು. ಪೂರ್ವ ಯುರೋಪಿನ ಯೆಹೂದ್ಯರಲ್ಲಿ ಹೆಚ್ಚಾಗಿ ಕಾಣುವ ಒಂದು ದೋಷ ಇಲ್ಲಿಯ ಹಲವರಲ್ಲೂ ಸಿಕ್ಕಿತು. ರಕ್ತಕ್ಕೆ ಗಡಿಯೂ ಇಲ್ಲ, ಜಾತಿಯೂ ಇಲ್ಲ, ಭಾಷೆಯೂ ಇಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಇದು ಯಾರ ತಪ್ಪು?

ಹುಟ್ಟು ಕುರುಡನನ್ನು ಕಂಡಾಗ ಶಿಷ್ಯರು ಯೇಸುವನ್ನು ಕೇಳಿದ್ದೂ ಇದನ್ನೇ. ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಯೋ? ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯ ನಿಮಗೆಲ್ಲ ಗೊತ್ತು. ಪ್ರಭು ಎರಡನ್ನೂ ತಳ್ಳಿಹಾಕಿದರು, ಆಮೇಲೆ ಆ ಮನುಷ್ಯನ ಕಣ್ಣಿಗೆ ಕೈಯಿಟ್ಟರು. ತಂದೆ ತಿಂದ ಹುಳಿಗೆ ಮಕ್ಕಳ ಹಲ್ಲು ಚಳಿತುಹೋಗುತ್ತದೆಂಬ ಹಳೆಯ ಗಾದೆಯನ್ನು ಇನ್ನು ಆಡಬೇಡಿ ಎಂದು ದೇವರು ಪ್ರವಾದಿ ಯೆಹೆಜ್ಕೇಲನ ಮೂಲಕ ತಿಳಿಸಿದ್ದು 18ನೆಯ ಅಧ್ಯಾಯದಲ್ಲಿದೆ. ಆದರೂ ನಮ್ಮ ಮನೆಗಳಲ್ಲಿ ಆ ಗಾದೆ ಇನ್ನೂ ಸತ್ತಿಲ್ಲ. ಸೊಸೆಗೆ ಕಾಯಿಲೆ ಬಂದರೆ "ಅವಳ ತವರಿನಿಂದ ತಂದಳು" ಎನ್ನುತ್ತೇವೆ. ತಾಯಿಯಾದವಳು "ನಾನೇ ನನ್ನ ಮಗಳಿಗೆ ವಿಷ ಕೊಟ್ಟೆ" ಎಂದು ಒಳಗೊಳಗೇ ಬೇಯುತ್ತಾಳೆ. ಕೆಲವರು ಇದನ್ನು ಪಾಪನಿವೇದನೆಯಲ್ಲೂ ಹೇಳಿ ಅಳುತ್ತಾರೆ.

ಅಮ್ಮಾ, ಇದು ಪಾಪವಲ್ಲ. ಪಾಪ ಎಂದರೆ ತಿಳಿದು, ಒಪ್ಪಿ ಮಾಡಿದ ಕೆಟ್ಟ ಕೆಲಸ. ಹೆತ್ತವರಿಗೆ ಇದು ತಿಳಿದೂ ಇರಲಿಲ್ಲ, ಒಪ್ಪಿಗೆಯನ್ನು ಯಾರೂ ಕೇಳಲೂ ಇಲ್ಲ. ಪ್ರತಿ ಹೆರಿಗೆಯಲ್ಲೂ ನಾಣ್ಯ ಚಿಮ್ಮಿದ ಹಾಗೆ. ಕೆಟ್ಟ ಪ್ರತಿ ಹೋಗಬಹುದು, ಒಳ್ಳೆಯ ಪ್ರತಿಯೂ ಹೋಗಬಹುದು, ಅರ್ಧಕ್ಕೆ ಅರ್ಧ. ಅದನ್ನು ಆರಿಸುವ ಕೈ ತಾಯಿಯದಲ್ಲ. ಇನ್ನೊಂದು ಮಾತು. ಈ ದೋಷ ತಂದೆಯ ಕಡೆಯಿಂದ ಬರುವುದೂ ತಾಯಿಯ ಕಡೆಯಿಂದ ಬರುವಷ್ಟೇ ಸಹಜ. ತಂದೆಗೆ ಏನೂ ಆಗದೆ, ಅವರ ತಾಯಿಯಿಂದ ಅವರ ಮೂಲಕ ಮಗಳಿಗೆ ಬಂದಿರಬಹುದು. ಬಿಆರ್‌ಸಿಎ2 ದೋಷ ಇರುವ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಸಂಭವವೂ ಹೆಚ್ಚು, ಸ್ತನ ಕ್ಯಾನ್ಸರ್ ಕೂಡ ಬರುವುದುಂಟು. ಹೆಂಗಸರ ಕಾಯಿಲೆ ಎಂದು ಗಂಡಸರು ಎದ್ದು ಆಚೆ ಹೋಗುವ ಸಂಗತಿ ಇದಲ್ಲ.

ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಹಳೆಯದು. ಧರ್ಮಸಭೆಯ ಕಾನೂನಿನಲ್ಲಿ ಅಂಥ ಹತ್ತಿರದ ಸಂಬಂಧ ವಿವಾಹಕ್ಕೆ ತಡೆ, ವಿನಾಯಿತಿ ಇಲ್ಲದೆ ನಡೆಯುವುದಿಲ್ಲ. ಅದಕ್ಕೆ ಒಳ್ಳೆಯ ಕಾರಣಗಳಿವೆ. ಆದರೆ ಈ ದೋಷ ಹುಟ್ಟುವುದು ಸಂಬಂಧದಲ್ಲಿ ಮದುವೆ ಆದದ್ದರಿಂದಲ್ಲ. ಒಬ್ಬರ ಕಡೆಯಿಂದ ಬಂದರೂ ಸಾಕು. ಹಾಗಾಗಿ ಅಜ್ಜ ಅಜ್ಜಿಯರ ಮದುವೆಯನ್ನು ಇದಕ್ಕಾಗಿ ದೂರುವುದೂ ಬೇಡ.

ಎರಡನೆಯ ಪ್ರಶ್ನೆ ಕಷ್ಟದ್ದು. ಅಕ್ಕ ಹೇಳಬೇಕೇ?

ಹೇಳದಿರಲು ಇರುವ ಕಾರಣಗಳನ್ನು ಹಗುರವಾಗಿ ನೋಡಬಾರದು. ದೇಹ ಅವಳದು, ವರದಿ ಅವಳದು. ತನ್ನ ಕಾಯಿಲೆಯನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕು ಅವಳಿಗಿದೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಸತ್ಯವನ್ನು ಕೇಳಿದವರಿಗೆಲ್ಲ ಬಿಚ್ಚಿಡಬೇಕೆಂದು ಹೇಳುವುದಿಲ್ಲ. ತಿಳಿಯುವ ಹಕ್ಕಿಲ್ಲದವರಿಗೆ ಹೇಳಲೇಬೇಕಾಗಿಲ್ಲ ಎಂದು ಅದು ಕಲಿಸುತ್ತದೆ. ಜೊತೆಗೆ ನಮ್ಮದು ಸಣ್ಣ ಸಮುದಾಯ. ತಮಿಳು, ತೆಲುಗು, ಉರ್ದು ಮಾತಾಡುವವರ ನಡುವೆ ಕನ್ನಡ ಮಾತಾಡುವ ಕಥೋಲಿಕರು ಬೆರಳೆಣಿಕೆಯಷ್ಟು. ಹೊಸೂರಿನಲ್ಲಿ ಆಡಿದ ಮಾತು ಸಂಜೆಯೊಳಗೆ ತಳಿಗೂ ಅಂಚೆಟ್ಟಿಗೂ ಮುಟ್ಟುತ್ತದೆ. ಹೆಣ್ಣು ಗಂಡು ಸಿಗುವುದು ಅದೇ ಕೆಲವು ಮನೆಗಳಲ್ಲಿ. ಒಂದು ಮನೆಯ ಮೇಲೆ "ಆ ಕಾಯಿಲೆಯ ಮನೆ" ಎಂಬ ಹೆಸರು ಬಿದ್ದರೆ ಅದನ್ನು ಅಳಿಸುವುದು ಕಷ್ಟ. ಅಕ್ಕ ಹೆದರುವುದು ನೆರಳಿಗಲ್ಲ.

ಆದರೂ ನನ್ನ ಉತ್ತರ, ಹೇಳಬೇಕು ಎಂದೇ. ಏಕೆ ಎಂದು ಹೇಳುತ್ತೇನೆ.

ಈ ವರದಿ ಸಕ್ಕರೆ ಕಾಯಿಲೆಯ ವರದಿಯ ಹಾಗಲ್ಲ, ಹೊಲದ ಪತ್ರದ ಹಾಗೆ. ಅಜ್ಜನ ಕಾಲದ ಜಮೀನಿನ ಪತ್ರ ಅಣ್ಣನ ಪೆಟ್ಟಿಗೆಯಲ್ಲಿ ಇರಬಹುದು, ಕಂದಾಯ ಕಟ್ಟಿದವನೂ ಅವನೇ ಇರಬಹುದು. ಆದರೆ ಪಿತ್ರಾರ್ಜಿತದಲ್ಲಿ ತಮ್ಮನಿಗೂ ತಂಗಿಗೂ ಪಾಲಿದೆ. ಪತ್ರ ನನ್ನ ಪೆಟ್ಟಿಗೆಯಲ್ಲಿದೆ ಎಂಬ ಮಾತ್ರಕ್ಕೆ ಅದರಲ್ಲಿ ಬರೆದದ್ದನ್ನು ಅವರಿಂದ ಮುಚ್ಚಿಡುವುದು ನ್ಯಾಯವಲ್ಲ. ಅಕ್ಕನ ವರದಿಯಲ್ಲಿ ಬರೆದಿರುವುದು ಅಕ್ಕನ ಬಗ್ಗೆ ಮಾತ್ರವಲ್ಲ. ತಾಯಿಯಿಂದ ಬಂದ ಅದೇ ದೋಷ ತಂಗಿಯಲ್ಲೂ ಇರುವ ಸಂಭವ ಅರ್ಧಕ್ಕೆ ಅರ್ಧ, ತಮ್ಮನಲ್ಲೂ ಅಷ್ಟೇ. ತಿಳಿಯುವ ಹಕ್ಕಿಲ್ಲದವರಿಗೆ ಹೇಳಬೇಕಾಗಿಲ್ಲ ಎಂದರೆ, ತಿಳಿಯುವ ಹಕ್ಕಿರುವವರಿಗೆ ಹೇಳಬೇಕು ಎಂದೂ ಅರ್ಥವಾಗುತ್ತದೆ. ಅಪಾಯದಲ್ಲಿ ಪಾಲಿರುವವರಿಗೆ ಅರಿವಿನಲ್ಲೂ ಪಾಲಿದೆ.

ಹೇಳದಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿ. ತಂಗಿ ಗಂಟು ಕೈಗೆ ಸಿಗುವವರೆಗೆ ಸುಮ್ಮನಿರುತ್ತಾಳೆ. ಸಿಕ್ಕ ಮೇಲೂ ರಾಗಿ ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಎನ್ನುತ್ತಾಳೆ. ನಮ್ಮ ದೇಶದಲ್ಲಿ ಈ ಕಾಯಿಲೆಯಿಂದ ಸಾಯುವವರು ಇಷ್ಟೊಂದು ಇರುವುದಕ್ಕೆ ತಡವಾಗಿ ಆಸ್ಪತ್ರೆಗೆ ಬರುವುದು ದೊಡ್ಡ ಕಾರಣ. ಮೊದಲೇ ಗೊತ್ತಿದ್ದರೆ ಅವಳು ಇಪ್ಪತ್ತೈದರಿಂದ ಮೂವತ್ತರೊಳಗೆ ಶುರುವಾಗಬೇಕಾದ ಎಂ.ಆರ್.ಐ., ಮ್ಯಾಮೊಗ್ರಾಂ ತಪಾಸಣೆಯನ್ನು ಈಗಲಾದರೂ ಶುರುಮಾಡಬಹುದು. ಇನ್ನೊಂದು ಕಡೆಯೂ ಇದೆ. ತಂಗಿಯ ಪರೀಕ್ಷೆಯಲ್ಲಿ ಆ ದೋಷ ಇಲ್ಲವೆಂದು ಬಂದರೆ, ಆ ದೋಷ ಅವಳ ಮೂಲಕ ಅವಳ ಮಗಳಿಗೆ ಹೋಗಿರಲು ಸಾಧ್ಯವೇ ಇಲ್ಲ. ಎಲ್ಲ ಹೆಂಗಸರಿಗೂ ಇರುವಷ್ಟೇ ಭಯ ಉಳಿಯುತ್ತದೆ. ಅಕ್ಕ ಬಾಯಿ ಮುಚ್ಚಿದರೆ ಕೆಟ್ಟ ಸುದ್ದಿಯ ಜೊತೆ ಈ ಬಿಡುಗಡೆಯ ಸುದ್ದಿಯೂ ಬೀರುವಿನಲ್ಲೇ ಉಳಿಯುತ್ತದೆ.

ತಮ್ಮನ ಕಾವಲುಗಾರ ನಾನೇನು ಎಂದು ಕಾಯಿನ ದೇವರಿಗೇ ತಿರುಗಿ ಕೇಳಿದ. ಆ ಪ್ರಶ್ನೆಗೆ ಧರ್ಮಶಾಸ್ತ್ರದ ಉಳಿದ ಪುಟಗಳೆಲ್ಲ ಹೌದು ಎಂದೇ ಉತ್ತರಿಸುತ್ತವೆ.

ಆದರೆ ಹೇಳುವುದು ಎಂದರೆ ಸಾರುವುದು ಅಲ್ಲ. ಪಾಲುದಾರರಿಗೆ ಹೇಳಬೇಕು. ಅವರು ಒಡಹುಟ್ಟಿದವರು, ವಯಸ್ಸಿಗೆ ಬಂದ ಮಕ್ಕಳು, ತಾಯಿಯ ಅಕ್ಕತಂಗಿಯರು ಮತ್ತು ಅಣ್ಣತಮ್ಮಂದಿರು. ಅಕ್ಕಪಕ್ಕದವರು ಪಾಲುದಾರರಲ್ಲ, ಅನ್ಬಿಯಂ ಕೂಟದವರೂ ಅಲ್ಲ, ಗುರುಗಳೂ ಅಲ್ಲ. ಅಕ್ಕನಿಂದ ಕೇಳಿದ ತಂಗಿ ಅದನ್ನು ಓರಗಿತ್ತಿಯ ಕಿವಿಗೆ ಹಾಕಿದರೆ ಅದು ಕಳ್ಳತನವೇ. ಗುಟ್ಟು ಹೇಳಲು ಅಕ್ಕನಿಗೆ ಕರ್ತವ್ಯ ಇದೆ ಎಂದಾದರೆ, ಗುಟ್ಟು ಕಾಯಲು ಕೇಳಿದವರಿಗೂ ಅಷ್ಟೇ ಕರ್ತವ್ಯ ಇದೆ.

ಹಾಗಾದರೆ ಆ ಹುಡುಗಿಯ ಸಂಬಂಧ? ಗಂಡಿನ ಮನೆಯವರಿಗೆ ಹೇಳುವುದು ಅಕ್ಕನ ಕೆಲಸವಲ್ಲ, ತಂಗಿಯ ಕೆಲಸವೂ ಅಲ್ಲ. ಇಪ್ಪತ್ತೆರಡರ ಆ ಹುಡುಗಿ ಮಗುವಲ್ಲ. ಮೊದಲು ಅವಳಿಗೆ ಹೇಳಬೇಕು. ಪರೀಕ್ಷೆ ಮಾಡಿಸುವುದು ಬಿಡುವುದು ಅವಳ ಇಷ್ಟ. ತಾನು ಕೈಹಿಡಿಯಲಿರುವವನಿಗೆ ನಿಶ್ಚಿತಾರ್ಥಕ್ಕೆ ಮೊದಲು ಅವಳೇ ಹೇಳುವುದು ಒಳ್ಳೆಯದು. ವಿವಾಹ ಸಂಸ್ಕಾರದಲ್ಲಿ ಸುಖದಲ್ಲೂ ದುಃಖದಲ್ಲೂ, ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಜೊತೆಗಿರುತ್ತೇವೆಂದು ಮಾತು ಕೊಡುವವರು ಆ ಇಬ್ಬರು, ಮಾತುಕತೆ ಮಾಡುವ ಹಿರಿಯರಲ್ಲ. ಮುಚ್ಚಿಟ್ಟು ಕಟ್ಟಿದ ಮದುವೆಯಲ್ಲಿ ಸತ್ಯ ಒಂದು ದಿನ ಹೊರಬಂದರೆ, ಕಾಯಿಲೆಗಿಂತ ಮೋಸವೇ ಹೆಚ್ಚು ನೋಯಿಸುತ್ತದೆ.

ಇಲ್ಲಿ ಗಂಡು ಹೆತ್ತವರಿಗೂ ಒಂದು ಮಾತು. ಹುಡುಗಿಯ ಮನೆತನವನ್ನು ಕೆದಕಿ ಕೇಳುವ ನಾವು ನಮ್ಮ ಹುಡುಗನ ರಕ್ತದಲ್ಲಿ ಏನಿದೆ ಎಂದು ಬಲ್ಲೆವೇ? ದೋಷವಿಲ್ಲದ ವಂಶವಾಹಿಗಳ ಮನುಷ್ಯ ಭೂಮಿಯ ಮೇಲಿಲ್ಲ. ಒಬ್ಬರದು ಪರೀಕ್ಷೆಯಲ್ಲಿ ಕಂಡಿದೆ, ಇನ್ನೊಬ್ಬರದು ಕಂಡಿಲ್ಲ, ವ್ಯತ್ಯಾಸ ಅಷ್ಟೇ. ಸತ್ಯ ಹೇಳಿದ ಹುಡುಗಿಯನ್ನು ತಳ್ಳಿ, ಮುಚ್ಚಿಟ್ಟವಳನ್ನು ಮೆಚ್ಚಿ ತಂದರೆ, ಸುಳ್ಳು ಹೇಳಲು ಕಲಿಸಿದವರು ನಾವೇ. ಅಕ್ಕ ವರದಿಯನ್ನು ಸೀರೆಗಳ ಕೆಳಗೆ ಇಟ್ಟಿದ್ದರೆ ಅದರಲ್ಲಿ ಅವಳ ಭಯದ ಪಾಲು ಎಷ್ಟಿದೆಯೋ ನಮ್ಮ ನಾಲಿಗೆಯ ಪಾಲೂ ಅಷ್ಟಿದೆ.

ಮೂರನೆಯ ಪ್ರಶ್ನೆ: ಕೇಳಿದ ತಂಗಿ ಪರೀಕ್ಷೆ ಮಾಡಿಸಲೇಬೇಕೇ? ಇಲ್ಲ. ಹೇಳುವುದು ಅಕ್ಕನ ಕರ್ತವ್ಯ, ಆದರೆ ಕೈಹಿಡಿದು ಎಳೆದುಕೊಂಡು ಹೋಗುವ ಅಧಿಕಾರ ಅವಳಿಗಿಲ್ಲ. ಕೆಲವರಿಗೆ ತಿಳಿದರೆ ಧೈರ್ಯ ಬರುತ್ತದೆ, ಕೆಲವರಿಗೆ ತಿಳಿದ ದಿನದಿಂದ ನಿದ್ದೆ ಹೋಗುತ್ತದೆ. ಪರೀಕ್ಷೆ ಬೇಡವೆನ್ನುವವಳು ತಪಾಸಣೆಯನ್ನಾದರೂ ತಪ್ಪಿಸದಿದ್ದರೆ ಸಾಕು. ನಮ್ಮ ದೇಹವನ್ನು ವಿವೇಕದಿಂದ ನೋಡಿಕೊಳ್ಳಬೇಕೆಂದು ಧರ್ಮೋಪದೇಶ ಕಲಿಸುತ್ತದೆ, ಎಲ್ಲವನ್ನೂ ಮುಂಚೆಯೇ ತಿಳಿದಿರಬೇಕೆಂದಲ್ಲ. ಸಣ್ಣ ಮಕ್ಕಳಿಗೆ ಈ ಪರೀಕ್ಷೆ ಮಾಡಿಸಬಾರದೆಂದು ವೈದ್ಯರೂ ಹೇಳುತ್ತಾರೆ. ಆ ವಯಸ್ಸಿನಲ್ಲಿ ತಿಳಿದು ಮಾಡುವಂಥದ್ದು ಏನೂ ಇಲ್ಲ. ದೊಡ್ಡವರಾದ ಮೇಲೆ ತಾವೇ ತೀರ್ಮಾನಿಸುವ ಅವರ ಹಕ್ಕನ್ನು ನಾವು ಕಿತ್ತುಕೊಳ್ಳಬಾರದು. ತಮ್ಮನ ಪುಟ್ಟ ಹೆಣ್ಣುಮಕ್ಕಳಿಗೆ ಸದ್ಯ ಬೇಕಾದ್ದು ಓದು, ಆಟ, ಊಟ.

ನಾಲ್ಕನೆಯದು: ಗೊತ್ತಾದ ಮೇಲೆ ಏನು ಮಾಡಬಹುದು? ಆಗಾಗ ತಪಾಸಣೆ ಒಂದು ದಾರಿ. ಕಾಯಿಲೆ ಬರುವ ಮೊದಲೇ ಸ್ತನಗಳನ್ನು ತೆಗೆಸುವುದು, ಮಕ್ಕಳಾದ ಮೇಲೆ ಅಂಡಾಶಯಗಳನ್ನು ತೆಗೆಸುವುದು ಇನ್ನೊಂದು ದಾರಿ. ಹಾಲಿವುಡ್ ನಟಿ ಆಂಜೆಲಿನಾ ಜೋಲಿ 2013ರಲ್ಲಿ ತಾನು ಹಾಗೆ ಮಾಡಿಸಿಕೊಂಡೆನೆಂದು ಪತ್ರಿಕೆಯಲ್ಲಿ ಬರೆದ ಮೇಲೆ ಲೋಕವೆಲ್ಲ ಇದನ್ನು ಮಾತಾಡಿತು. ಸ್ತನ ತೆಗೆಸಿದರೆ ಅಲ್ಲಿ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ ತೊಂಬತ್ತರಷ್ಟು ಇಳಿಯುತ್ತದೆ. "ದೇವರು ಕೊಟ್ಟ ದೇಹ, ರೋಗವೇ ಇಲ್ಲದೆ ಕತ್ತರಿಸಬಹುದೇ?" ಎಂದು ನಮ್ಮ ಹಿರಿಯರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಹತ್ತಿರದ ಪ್ರಶ್ನೆಯೊಂದಕ್ಕೆ ಜಗದ್ಗುರು ಹನ್ನೆರಡನೆಯ ಪಯಸ್ 1953ರ ಅಕ್ಟೋಬರ್ 8ರಂದು ವೈದ್ಯರ ಮುಂದೆ ಉತ್ತರ ಕೊಟ್ಟಿದ್ದಾರೆ. ಅಂಗವೇ ರೋಗಿಯಾಗಿರಬೇಕು ಎಂದೇನಿಲ್ಲ. ಅದು ಉಳಿದರೆ ಇಡೀ ದೇಹಕ್ಕೆ ಗಂಭೀರ ಅಪಾಯ ಇರಬೇಕು, ಬೇರೆ ದಾರಿಯಿಂದ ಆ ಅಪಾಯ ತಪ್ಪುವಂತಿರಬಾರದು, ಕಳೆದುಕೊಳ್ಳುವುದಕ್ಕಿಂತ ಉಳಿಯುವುದು ಹೆಚ್ಚಿರಬೇಕು. ಈ ಮೂರೂ ಇದ್ದರೆ ತೆಗೆಸಬಹುದು. ಹಾಗೆಂದು ತೆಗೆಸಲೇಬೇಕೆಂಬ ಕಟ್ಟಳೆಯೂ ಇಲ್ಲ. ತೆಗೆಸಿದವಳು ದೇವರನ್ನು ನಂಬದವಳಲ್ಲ, ತೆಗೆಸದವಳು ಮೂಢಳೂ ಅಲ್ಲ.

ಪ್ರಾರ್ಥನೆ ಇರುವಾಗ ಆಸ್ಪತ್ರೆ ಏಕೆ ಎನ್ನುವವರು ನಮ್ಮ ಬೈಬಲಿನ ಸಿರಾಖ ಗ್ರಂಥದ 38ನೆಯ ಅಧ್ಯಾಯವನ್ನು ಒಮ್ಮೆ ಓದಿ. ವೈದ್ಯನನ್ನೂ ಔಷಧವನ್ನೂ ಸೃಷ್ಟಿಸಿದವನು ದೇವರೇ ಎಂದು ಅಲ್ಲಿದೆ. ವೇಳಾಂಕಣ್ಣಿಗೆ ಹರಕೆ ಹೊರಿ, ಆಸ್ಪತ್ರೆಗೂ ಹೊರಡಿ. ಮೂರನೆಯ ಶತಮಾನದಲ್ಲಿ ಸಿಸಿಲಿಯ ಕತಾನಿಯಾದಲ್ಲಿ ರಕ್ತಸಾಕ್ಷಿಯಾದ ಸಂತ ಅಗಾಥಾಳ ಸ್ತನಗಳನ್ನು ಹಿಂಸಕರು ಕತ್ತರಿಸಿದರೆಂದು ಸಂಪ್ರದಾಯ ಹೇಳುತ್ತದೆ. ಸ್ತನ ರೋಗಿಗಳ ಪಾಲಕ ಸಂತಳಾಗಿ ಅವಳನ್ನು ಫೆಬ್ರವರಿ 5ರಂದು ನೆನೆಯುತ್ತೇವೆ. ಬಲಿಪೂಜೆಯಲ್ಲಿ ಅವಳ ಹೆಸರು ಹೇಳಲು ನಾಚದ ನಾವು ಈ ಕಾಯಿಲೆಯ ಹೆಸರು ಹೇಳಲು ಏಕೆ ನಾಚಬೇಕು?

ಇನ್ನೊಂದು ದಾರಿಯನ್ನು ಕೆಲವು ಖಾಸಗಿ ಆಸ್ಪತ್ರೆಗಳು ತೋರಿಸುತ್ತವೆ. ಪ್ರಯೋಗಾಲಯದಲ್ಲಿ ಹಲವು ಭ್ರೂಣಗಳನ್ನು ಮಾಡಿ, ದೋಷ ಇರುವುದನ್ನು ಬಿಸಾಡಿ, ಇಲ್ಲದ್ದನ್ನು ಮಾತ್ರ ಉಳಿಸಿಕೊಳ್ಳುವುದು. ಧರ್ಮಸಭೆ ಇದನ್ನು ಒಪ್ಪುವುದಿಲ್ಲ. 2008ರ ದಸ್ತಾವೇಜಿನಲ್ಲಿ ಅದನ್ನು ಮತ್ತೆ ಸ್ಪಷ್ಟವಾಗಿ ತಿಳಿಸಿದೆ. ಏಕೆಂದರೆ ಹಾಗೆ ಮಾಡಿದರೆ ನಾವು ತೆಗೆದುಹಾಕುವುದು ರೋಗವನ್ನಲ್ಲ, ರೋಗ ಬರಬಹುದಾದ ವ್ಯಕ್ತಿಯನ್ನು. ನಲವತ್ತೆಂಟಕ್ಕೆ ತೀರಿಕೊಂಡ ಆ ತಾಯಿ ಹೊಲ ನೋಡಿಕೊಂಡಳು, ಮೂವರನ್ನು ಹೆತ್ತಳು, ಪ್ರಾರ್ಥನೆ ಕಲಿಸಿದಳು, ನಕ್ಕಳು, ಜಗಳವಾಡಿದಳು. ದೋಷ ಇತ್ತು ಎಂಬ ಕಾರಣಕ್ಕೆ ಅವಳು ಹುಟ್ಟಲೇಬಾರದಿತ್ತು ಎಂದು ಅವಳ ಮಕ್ಕಳಲ್ಲಿ ಯಾರಾದರೂ ಹೇಳಿಯಾರೇ?

ಕೊನೆಯದಾಗಿ, ಇದು ಒಬ್ಬ ಅಕ್ಕನ ಆತ್ಮಸಾಕ್ಷಿಯ ಮೇಲೆ ಮಾತ್ರ ಹೇರುವ ಭಾರವಲ್ಲ. ಧರ್ಮಕೇಂದ್ರವಾಗಿ ನಮ್ಮ ಪಾಲೂ ಇದೆ.

ಮೊದಲನೆಯದು ಭಾಷೆ. ವರದಿ ಇಂಗ್ಲಿಷಿನಲ್ಲಿ, ಕೃಷ್ಣಗಿರಿಯ ಡಾಕ್ಟರು ಹೇಳುವುದು ತಮಿಳಿನಲ್ಲಿ, ಮನೆಯ ಹಿರಿಯರಿಗೆ ತಿಳಿಯುವುದು ಕನ್ನಡ. ನಡುವೆ ನಿಂತು ತಿಳಿಸುವವನು ಓದಿದ ಮಗನೋ ಅಳಿಯನೋ. ತಾಯಿಗೆ ಏನು ತಿಳಿಯಬೇಕು, ಏನು ತಿಳಿಯಬಾರದು ಎಂದು ಅವನೇ ತೀರ್ಮಾನಿಸಿಬಿಡುತ್ತಾನೆ. ಅವಳ ದೇಹದ ಸಂಗತಿ ಎಲ್ಲರಿಗೂ ಗೊತ್ತು, ಅವಳಿಗೆ ಮಾತ್ರ ಗೊತ್ತಿಲ್ಲ. ಪ್ರೀತಿಯಿಂದ ಮಾಡಿದರೂ ಇದು ಸರಿಯಲ್ಲ. ನಮ್ಮ ಧರ್ಮಕ್ಷೇತ್ರದಲ್ಲಿ ಎರಡು ಮೂರು ಭಾಷೆ ಬಲ್ಲ ನರ್ಸಮ್ಮಂದಿರೂ ಸಿಸ್ಟರುಗಳೂ ಇದ್ದಾರೆ. ಗುಟ್ಟು ಕಾಯಬಲ್ಲ ಅಂಥವರೊಬ್ಬರನ್ನು ಜೊತೆಗೆ ಕಳುಹಿಸುವುದು ದೊಡ್ಡ ಸೇವೆ.

ಎರಡನೆಯದು ಹಣ ಮತ್ತು ದಾರಿ. ಅಮೆರಿಕದ ಒಂದು ಕಂಪನಿ ಈ ವಂಶವಾಹಿಗಳ ಮೇಲೆ ಪೇಟೆಂಟ್ ಹಿಡಿದಿತ್ತು. ಪ್ರಕೃತಿಯಲ್ಲಿ ಇರುವ ಡಿಎನ್‌ಎ ಯಾರ ಸ್ವತ್ತೂ ಅಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪಿತ್ತಿತು. ನಮ್ಮ ದೇಶದಲ್ಲಿ ವಂಶದ ದೋಷದ ನೆಪದಿಂದ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯ ಎಂದು 2018ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ನ್ಯಾಯ ಅಷ್ಟು ದೂರ ಬಂದಿದೆ. ಉಳಿದ ದೂರ ನಾವು ನಡೆಯಬೇಕು. ಬೆಂಗಳೂರಿನ ಕಿದ್ವಾಯಿ, ಸೇಂಟ್ ಜಾನ್ಸ್, ವೆಲ್ಲೂರಿನ ಸಿ.ಎಂ.ಸಿ., ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಎಲ್ಲವೂ ಬಸ್ಸು ರೈಲಿನಲ್ಲಿ ಮುಟ್ಟುವ ದೂರದಲ್ಲೇ ಇವೆ. ಅಡ್ಯಾರಿನ ಆ ಸಂಸ್ಥೆಯನ್ನು 1954ರಲ್ಲಿ ತೆರೆದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರನ್ನು ಆ ಕೆಲಸಕ್ಕೆ ಹಚ್ಚಿದ್ದು ಕ್ಯಾನ್ಸರಿಗೆ ಬಲಿಯಾದ ಅವರ ಸ್ವಂತ ತಂಗಿಯ ನೆನಪು. ಆದರೆ ತಳಿಯ ಗುಲಾಬಿ ತೋಟದಲ್ಲಿ ದಿನಗೂಲಿ ಮಾಡುವ ಹೆಂಗಸಿಗೆ ಬೆಂಗಳೂರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಮಕ್ಕಳನ್ನು ನೋಡಿಕೊಳ್ಳುವವರಿಲ್ಲ. ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರು ಬಸ್ ಚಾರ್ಜು ಕೊಡಬಹುದು. ಪಕ್ಕದ ಮನೆಯವರು ಮಕ್ಕಳಿಗೆ ಅನ್ನ ಹಾಕಬಹುದು. ಮೂವತ್ತು ದಾಟಿದ ಹೆಂಗಸರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹಣವಿಲ್ಲದೆ ಸ್ತನ ತಪಾಸಣೆ ನಡೆಯುತ್ತದೆ. ಅಲ್ಲಿಗೆ ನಾಲ್ವರು ಒಟ್ಟಾಗಿ ಹೋದರೆ ನಾಚಿಕೆಯೂ ನಾಲ್ಕು ಪಾಲಾಗುತ್ತದೆ.

ಮೂರನೆಯದು ನಮ್ಮ ಬಾಯಿ. ಇದಕ್ಕೆ ಹಣ ಬೇಡ.

ಈಗ ಆ ಅಕ್ಕನಿಗೆ ಹೇಳುವುದಾದರೆ ಇಷ್ಟು. ವರದಿ ಓದಿಸಿ ಅರ್ಥಮಾಡಿಕೊಳ್ಳಮ್ಮಾ. ಡಾಕ್ಟರನ್ನು ಕೇಳಿ, ತಂಗಿ ಯಾವ ಆಸ್ಪತ್ರೆಗೆ ಹೋಗಬೇಕೆಂದು ಚೀಟಿ ಬರೆಸಿಕೋ. ಫೋನಿನಲ್ಲಿ ಬೇಡ, ಮದುವೆ ಮನೆಯಲ್ಲಿ ಬೇಡ. ಡೆಂಕಣಿಕೋಟೆಗೆ ಹೋಗಿ, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅವಳೊಬ್ಬಳೇ ಇರುವಾಗ ಕೂತು ಹೇಳು. "ಅಮ್ಮನಿಂದ ನನಗೆ ಇದು ಬಂದಿದೆ, ನಿನಗೂ ಬಂದಿರಬಹುದು, ಬರದೆಯೂ ಇರಬಹುದು. ಏನೇ ಬಂದರೂ ನಾನು ಜೊತೆಗಿದ್ದೀನಿ" ಎನ್ನು. ಅವಳು ಸಿಟ್ಟು ಮಾಡಿಕೊಂಡರೆ ತಾಳಿಕೋ. ಅಳುತ್ತಾಳೆ, ಅಳಲಿ ಬಿಡು. ಆಮೇಲೆ ತಮ್ಮನಿಗೂ ಹೇಳು. ಅವನೂ ಅಮ್ಮನ ಮಗನೇ.

ನೋವಿನ ಸುದ್ದಿಯನ್ನು ಹೊತ್ತು ಬಂಧುವಿನ ಮನೆಗೆ ನಡೆದು ಹೋಗುವವರ ಜೊತೆ, ಗರ್ಭಿಣಿಯಾಗಿದ್ದೂ ಬೆಟ್ಟದ ಸೀಮೆಗೆ ಅವಸರದಿಂದ ಹೊರಟ ಮಾತೆ ಮರಿಯಮ್ಮನವರು ಇರಲಿ. ಹೇಳುವವರಿಗೆ ಧೈರ್ಯವನ್ನೂ, ಕೇಳುವವರಿಗೆ ತಾಳ್ಮೆಯನ್ನೂ, ಉಳಿದ ನಮಗೆಲ್ಲ ಸುಮ್ಮನಿರುವ ಕೃಪೆಯನ್ನೂ ಪ್ರಭು ಅನುಗ್ರಹಿಸಲಿ.